ಅಪ್‌ಡೇಟ್: ಯುವನಿಧಿ ಪಡೆಯುತ್ತಿರುವಾಗ ವಿಳಾಸ ಬದಲಾವಣೆ

ವಿರಾಜಪೇಟೆಯಿಂದ ಕುಶಾಲನಗರದ ಬಾಡಿಗೆ ಮನೆಗೆ ಬಂದುದರಿಂದ ನಿರುದ್ಯೋಗಿ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯ ಮಾಸಿಕ 3,000 ರೂಪಾಯಿ ನಿಂತುಹೋಗುವುದೇ, ಹೊಸ ವಿಳಾಸವನ್ನು ಎಲ್ಲಿ ತಿಳಿಸಬೇಕು ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು.

ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುವುದರಿಂದ, ಮನೆ ಬದಲಾದ ಮಾತ್ರಕ್ಕೆ ಅದು ನಿಲ್ಲಲಿಲ್ಲ. ನಿರುದ್ಯೋಗಿಯೆಂಬ ಸ್ವಯಂ ಘೋಷಣೆಯನ್ನು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ತಪ್ಪದೆ ಸಲ್ಲಿಸುವುದೇ ವಿಳಾಸಕ್ಕಿಂತ ಮುಖ್ಯವೆಂಬುದು ನನ್ನ ಅಭಿಪ್ರಾಯ. ಆದರೂ ಬಾಡಿಗೆ ಕರಾರು ಪತ್ರವನ್ನು ಲಗತ್ತಿಸಿ ಮೊದಲು ಆಧಾರ್‌ನಲ್ಲಿ ವಿಳಾಸ ಬದಲಿಸಿಕೊಂಡೆ, ಏಕೆಂದರೆ ಉಳಿದ ಕಡೆಗಳಲ್ಲಿ ಕೇಳುವುದು ಅದನ್ನೇ.

ಬಳಿಕ ಅದರ ಪ್ರತಿಯೊಂದಿಗೆ ಮಡಿಕೇರಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ, ಅಲ್ಲಿನ ನನ್ನ ನೋಂದಣಿಯಲ್ಲೂ ವಿಳಾಸ ಬದಲಿಸಲು ಅರ್ಜಿ ಕೊಟ್ಟೆ. ಎರಡೂ ಊರುಗಳು ಕೊಡಗಿನಲ್ಲೇ ಇರುವುದರಿಂದ ನೋಂದಣಿಯನ್ನು ವರ್ಗಾಯಿಸಬೇಕಾಗಲಿಲ್ಲ. ಕಾವೇರಿ ದಾಟಿ ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ ಮನೆ ಹಿಡಿದಿದ್ದರೆ (ಕಡಿಮೆ ಬಾಡಿಗೆಯ ಆಸೆಗೆ ಅದನ್ನೂ ಯೋಚಿಸಿದ್ದೆ) ಆ ಕೆಲಸವೂ ಸೇರಿಕೊಳ್ಳುತ್ತಿತ್ತು.