ಅಪ್‌ಡೇಟ್: ಜೊಂಡಿನ ನಡುವೆ ಬಾಸ್ ಮೀನು ಸಿಕ್ಕಿತು!

ಜೊಂಡು ತುಂಬಿದ ನೀರಲ್ಲಿ ಲಾರ್ಜ್‌ಮೌತ್ ಬಾಸ್ (ದೊಡ್ಡ ಬಾಯಿಯ ಸಿಹಿನೀರಿನ ಮೀನು) ಹಿಡಿಯೋಕೆ ಯಾವ ಗಾಳ, ಯಾವ ದಾರ ಅಂತ ಇಲ್ಲಿ ಕೇಳಿದ್ದೆ. ಮೂರು ಮುಳ್ಳಿನ ಗಾಳ ಎಸೆದಾಗಲೆಲ್ಲ ಗಿಡಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಟೆಕ್ಸಾಸ್ ರಿಗ್, ಅಂದ್ರೆ ಗಾಳದ ಮೊನೆಯನ್ನು ಪ್ಲಾಸ್ಟಿಕ್ ಹುಳುವಿನೊಳಗೆ ಮರೆಮಾಡುವ ಜೋಡಣೆ, ಹಾಕಿ ನೋಡಿ ಅಂದಿರಿ. ಹಾಕಿದೆ, ಸಮಸ್ಯೆ ಬಹುಪಾಲು ಮುಗಿಯಿತು.

ದಾರಕ್ಕೆ ಮೊದಲು ಕಾಲು ಔನ್ಸ್ ಬುಲೆಟ್ ಸಿಂಕರ್ (ಗುಂಡಿನ ಆಕಾರದ ತೂಕ), ಆಮೇಲೆ 3/0 ಅಳತೆಯ ಆಫ್‌ಸೆಟ್ ಗಾಳ (ದಾರ ಕಟ್ಟುವ ಕಣ್ಣಿನ ಹತ್ತಿರ ಬಾಗಿರುವ ಗಾಳ). ಪ್ಲಾಸ್ಟಿಕ್ ಹುಳುವಿನ ತಲೆಗೆ ಗಾಳ ಚುಚ್ಚಿ ಪಕ್ಕದಿಂದ ಹೊರತೆಗೆದು, ತಿರುಗಿಸಿ, ಮೊನೆಯನ್ನು ಮತ್ತೆ ಮೈಯೊಳಗೇ ಮರೆಮಾಡಿದೆ. ಹುಳು ನೇರವಾಗಿ ಕೂರಲೇಬೇಕು. ಬಾಗಿದ್ದರೆ ಎಳೆಯುವಾಗ ಗಿರಗಿರ ತಿರುಗಿ ದಾರವೆಲ್ಲ ಹುರಿಗಟ್ಟುತ್ತದೆ.

ರಾಡ್ 7 ಅಡಿಯ ಮೀಡಿಯಂ ಹೆವಿ (ಸ್ವಲ್ಪ ಗಟ್ಟಿಯಾದದ್ದು), ದಾರ 30 ಪೌಂಡ್ ಎಳೆತ ತಡೆಯುವ ಬ್ರೇಡ್, ಅಂದ್ರೆ ಎಳೆಗಳನ್ನು ಹೆಣೆದ ದಾರ. ಬ್ರೇಡ್ ಹಿಗ್ಗುವುದು ತೀರಾ ಕಡಿಮೆ, ಜೊಂಡಿನಿಂದ ಮೀನನ್ನು ಎಳೆದು ತರೋಕೆ ಅದೇ ಸರಿ.

ನಿಜವಾದ ಗುಟ್ಟು ಮಾತ್ರ ಎಸೆದ ಮೇಲಿನ ಕೆಲಸದಲ್ಲಿದೆ. ಹುಳು ತಳಕ್ಕೆ ಇಳಿಯುವಾಗಲೇ ಬಾಸ್ ಜಾಸ್ತಿ ಕಚ್ಚುತ್ತದೆ. ಆಗ ಕೈಗೆ ಏನೂ ತಿಳಿಯದೇ ಇರಬಹುದು, ಕಣ್ಣು ದಾರದ ಮೇಲಿರಬೇಕು. ನನ್ನ ದಾರ ಸುಮ್ನೆ ಪಕ್ಕಕ್ಕೆ ಸರಿಯಿತು, ಅಷ್ಟೇ. ಸಡಿಲಾಗಿದ್ದ ದಾರ ಸುತ್ತಿಕೊಂಡು ರಾಡ್ ಜೋರಾಗಿ ಎತ್ತಿದೆ. ಆ ಭಾರ ಕೈಗೆ ಬಂದಾಗಿನ ಖುಷಿ ನಿಮಗೂ ಗೊತ್ತಲ್ವಾ!

ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ಮೀನನ್ನು ವಾಪಸ್ ಬಿಟ್ಟೆ. ನೀರು ತಿಳಿಯಾಗಿದ್ದರಿಂದ ಹಸಿರು ಹುಳು ಹಾಕಿದ್ದೆ. ಕದಡಿದ ನೀರಿಗೆ ಕಪ್ಪು-ನೀಲಿ ಹುಳು ತೆಗೆದಿಟ್ಟಿದ್ದೇನೆ. ಅದರ ಜೊತೆ ಸದ್ದು ಮಾಡುವ ಗಾಜಿನ ಮಣಿ ಸೇರಿಸಿದರೆ ಹೇಗೆ? ಬಳಸಿದವರು ಹೇಳಿ.