ಮಿಗ್ ಮೆಷಿನ್‌ನ ಇಂಡಕ್ಟೆನ್ಸ್ ನಾಬ್: ಬರೀ ಸಿಒಟು ಗ್ಯಾಸಲ್ಲಿ ಎಲ್ಲಿಗೆ ಇಡಬೇಕು?

ಗೇಟ್‌ಗ್ರಿಲ್_ತುಮಕೂರು:

ಎಲ್ಲರಿಗೂ ನಮಸ್ಕಾರ. ಶಾಪಲ್ಲಿರೋದು 250 ಆಂಪಿನ ತ್ರೀ ಫೇಸ್ ಇನ್ವರ್ಟರ್ ಮಿಗ್, ಅಂದರೆ ವೈರ್ ತಾನಾಗೇ ಬರೋ ವೆಲ್ಡಿಂಗ್ ಮೆಷಿನ್. ವೈರ್ 0.8 ಎಂಎಂ, ತಾಮ್ರ ಲೇಪದ ಇಆರ್70ಎಸ್-6 (ಮೈಲ್ಡ್ ಸ್ಟೀಲಿಗೆ ಹಾಕೋ ಸಾಲಿಡ್ ವೈರ್). ಗ್ಯಾಸ್ ಬರೀ ಸಿಒಟು, ಆರ್ಗಾನ್ ಮಿಕ್ಸ್ ಇಲ್ಲ. ಕೆಲಸ ಹೆಚ್ಚಾಗಿ 40×40 ಸ್ಕ್ವೇರ್ ಪೈಪ್, 2 ಎಂಎಂ ದಪ್ಪ. ಆಗಾಗ 5 ಎಂಎಂ ಆಂಗಲ್, ಫ್ಲಾಟ್ ಬರುತ್ತೆ. ಪೈಪಿಗೆ ವೋಲ್ಟೇಜ್ 18, ವೈರ್ ಸ್ಪೀಡ್ ನಿಮಿಷಕ್ಕೆ 5 ಮೀಟರ್ ಹತ್ತಿರ.

ವೋಲ್ಟೇಜ್, ವೈರ್ ಸ್ಪೀಡ್ ಬಿಟ್ಟು ಮೂರನೇ ನಾಬ್ ಒಂದಿದೆ. ಮೇಲೆ ಇಂಡಕ್ಟೆನ್ಸ್ ಅಂತ ಬರೆದಿದೆ, -10ರಿಂದ +10. -8ಕ್ಕೆ ಇಟ್ಟರೆ ಸ್ಪ್ಯಾಟರ್ (ಸಿಡಿಯೋ ಲೋಹದ ಹನಿ) ವಿಪರೀತ, ಬೀಡ್ (ವೆಲ್ಡಿನ ಗೆರೆ) ಹಗ್ಗದ ಥರ ಉಬ್ಬಿ ನಿಲ್ಲುತ್ತೆ. +8ಕ್ಕೆ ಇಟ್ಟರೆ ಬೀಡ್ ಚೆನ್ನಾಗಿ ಹರಡುತ್ತೆ, ಸ್ಪ್ಯಾಟರೂ ಕಮ್ಮಿ. ಆದರೆ ಸ್ಟಾರ್ಟಿಂಗಲ್ಲಿ ವೈರ್ ಹೋಗಿ ಗುದ್ದಿ ಟಾರ್ಚ್ ಹಿಂದಕ್ಕೆ ಒದೆಯುತ್ತೆ. ಆ ನಾಬ್ ನಿಜಕ್ಕೂ ಏನನ್ನ ಬದಲಾಯಿಸುತ್ತೆ, ಎಲ್ಲಿಗೆ ಇಟ್ಟರೆ ಸರಿ ಅಂತ ಬಲ್ಲವರು ಹೇಳಿ.

ಚೋಕ್‌ಕಾಯಿಲ್:

ಆ ನಾಬ್ ಯಾವ ಹೊತ್ತಲ್ಲಿ ಕೆಲಸ ಮಾಡುತ್ತೆ ಅನ್ನೋದು ಮೊದಲು ತಿಳಿದರೆ ಉಳಿದದ್ದು ಸಲೀಸು. 18 ವೋಲ್ಟಲ್ಲಿ, 0.8 ವೈರಲ್ಲಿ ನಿಮ್ಮದು ಶಾರ್ಟ್ ಸರ್ಕ್ಯೂಟ್ ಟ್ರಾನ್ಸ್‌ಫರ್. ಆರ್ಕ್ ಒಂದೇ ಸಮ ಉರೀತಾ ಇದೆ ಅಂತ ಕಣ್ಣಿಗೆ ಕಾಣುತ್ತೆ, ಆದರೆ ಹಾಗಿರಲ್ಲ. ವೈರಿನ ತುದಿ ಕೆಳಗೆ ಕರಗಿ ನಿಂತ ಲೋಹಕ್ಕೆ, ಅಂದರೆ ಪೂಲಿಗೆ, ಹೋಗಿ ತಾಗುತ್ತೆ, ಆರ್ಕ್ ಆರುತ್ತೆ, ಕರೆಂಟ್ ಏರುತ್ತೆ. ಏರಿದ ಕರೆಂಟಿನ ಕಾಂತಬಲ ವೈರಿನ ತುದಿಯನ್ನ ಸುತ್ತಲಿಂದ ಹಿಸುಕಿ ಹನಿಯನ್ನ ಬಿಡಿಸುತ್ತೆ, ಮತ್ತೆ ಆರ್ಕ್ ಹತ್ತುತ್ತೆ. ಸೆಕೆಂಡಿಗೆ ಹತ್ತಾರು ಸಲದಿಂದ ಹಿಡಿದು 200ರ ತನಕ ಇದು ನಡೆಯುತ್ತೆ. ವೈರ್ ತಾಗಿದ ಮೇಲೆ ಕರೆಂಟ್ ಎಷ್ಟು ಬೇಗ ಏರಬೇಕು ಅನ್ನೋದು ಇಂಡಕ್ಟೆನ್ಸಿನ ಕೈಲಿದೆ. ಕೊನೆಗೆ ಎಷ್ಟಕ್ಕೆ ಹೋಗಿ ನಿಲ್ಲುತ್ತೆ ಅನ್ನೋದು ಮೆಷಿನ್‌ನ ಸ್ಲೋಪ್ (ಕರೆಂಟ್ ಏರಿದ ಹಾಗೆ ವೋಲ್ಟೇಜ್ ಎಷ್ಟು ಇಳಿಯುತ್ತೆ ಅನ್ನೋದು) ಮತ್ತು ಕೇಬಲ್ ರೆಸಿಸ್ಟೆನ್ಸಿಗೆ ಸೇರಿದ ವಿಷಯ. ಇವೆರಡನ್ನ ಬಹಳ ಜನ ಒಂದೇ ಅಂದುಕೊಳ್ಳುತ್ತಾರೆ.

ಲೆಕ್ಕ ಹಾಕಿ ನೋಡಿ. ವೋಲ್ಟೇಜನ್ನ ಇಂಡಕ್ಟೆನ್ಸಿಂದ ಭಾಗಿಸಿದರೆ ಕರೆಂಟ್ ಏರುವ ವೇಗ ಸಿಗುತ್ತೆ. 18 ವೋಲ್ಟಿಗೆ 0.1 ಮಿಲಿಹೆನ್ರಿ ಇದ್ದರೆ ಮಿಲಿಸೆಕೆಂಡಿಗೆ 180 ಆಂಪ್, 0.3 ಮಿಲಿಹೆನ್ರಿ ಇದ್ದರೆ 60 ಆಂಪ್. 100 ಆಂಪಲ್ಲಿದ್ದ ಕರೆಂಟ್ ಮೊದಲನೆಯದರಲ್ಲಿ ಒಂದೇ ಮಿಲಿಸೆಕೆಂಡಲ್ಲಿ 280 ಮುಟ್ಟುತ್ತೆ. ಎರಡನೆಯದರಲ್ಲಿ ಅಲ್ಲಿಗೆ ಹೋಗೋಕೆ 3 ಮಿಲಿಸೆಕೆಂಡ್ ಬೇಕು. ಕೇಬಲ್ಲಿನ ರೆಸಿಸ್ಟೆನ್ಸ್ ಕಳೆದರೆ ನಿಜವಾದ ಏರಿಕೆ ಇನ್ನೂ ಕಮ್ಮಿ ಇರುತ್ತೆ, ಆದರೆ ಎರಡರ ನಡುವಿನ ಅಂತರ ಅರ್ಥವಾಗೋಕೆ ಇಷ್ಟು ಸಾಕು. ಹನಿ ಪೂಲಿಗೆ ಹರಿದು ಸೇರೋಕೆ ಪುರುಸೊತ್ತು ಸಿಗೋ ಮೊದಲೇ ಕರೆಂಟ್ ಮೇಲೆ ಹೋದರೆ ನಡುವಿನ ತೆಳ್ಳನೆ ಕುತ್ತಿಗೆ ಸಿಡಿದು ತುಂಡಾಗುತ್ತೆ. ನಿಮ್ಮ -8ರ ಸ್ಪ್ಯಾಟರ್ ಅದೇ. ಅಲ್ಲಿ ಪ್ರತಿ ಸುತ್ತಲ್ಲೂ ಆರ್ಕ್ ಉರಿಯೋ ಹೊತ್ತೂ ಕಮ್ಮಿ, ಅಂಚಿಗೆ ಕಾವು ಸಾಲಲ್ಲ, ಅದಕ್ಕೇ ಬೀಡ್ ಉಬ್ಬಿ ನಿಲ್ಲುತ್ತೆ.

+8ರಲ್ಲಿ ಇದಕ್ಕೆ ತದ್ವಿರುದ್ಧ. ಕರೆಂಟ್ ನಿಧಾನ ಏರುತ್ತೆ, ಹನಿ ಮೆತ್ತಗೆ ಬಿಡುತ್ತೆ, ಆರ್ಕ್ ಹೆಚ್ಚು ಹೊತ್ತು ಉರಿಯುತ್ತೆ, ಪೂಲ್ ನೀರಾಗಿ ಅಂಚಿಗೆ ಹತ್ತಿಕೊಳ್ಳುತ್ತೆ. ಆದರೆ ರೋಲರ್ ಯಾರಿಗೂ ಕಾಯಲ್ಲ, ವೈರ್ ಬರ್ತಾನೇ ಇರುತ್ತೆ. ವೆಲ್ಡ್ ನಡೀತಿರುವಾಗ ಕೆಳಗೆ ಬಿಸಿ ಪೂಲ್ ಇರೋದರಿಂದ ಹೇಗೋ ಸುಧಾರಿಸುತ್ತೆ. ಸ್ಟಾರ್ಟಿಂಗಲ್ಲಿ ಪ್ಲೇಟೂ ತಣ್ಣಗೆ, ವೈರೂ ತಣ್ಣಗೆ. ತುದಿ ಕರಗುವಷ್ಟು ಕರೆಂಟ್ ಬರೋ ಮೊದಲೇ ವೈರ್ ಹೋಗಿ ಗುದ್ದುತ್ತೆ, ಟಾರ್ಚ್ ಒದೆಯುತ್ತೆ, ಆಮೇಲೆ ಅಷ್ಟುದ್ದ ವೈರ್ ಒಟ್ಟಿಗೆ ಸಿಡಿಯುತ್ತೆ.

ನಿಮ್ಮ ಕೆಲಸಕ್ಕೆ +2ರಿಂದ +5ರ ನಡುವೆ ಜಾಗ ಸಿಗಬೇಕು. ಬರೀ ಸಿಒಟುನಲ್ಲಿ ಆರ್ಕಿನ ಬಲ ಹನಿಯನ್ನ ಕೆಳಗಿಂದ ಮೇಲಕ್ಕೆ ತಳ್ಳುತ್ತೆ, ಹನಿ ದೊಡ್ಡದಾಗಿ ಓಲಾಡುತ್ತೆ. ಆದ್ದರಿಂದ ಮಿಕ್ಸ್ ಗ್ಯಾಸಿಗಿಂತ ಇದಕ್ಕೆ ಇಂಡಕ್ಟೆನ್ಸ್ ಸ್ವಲ್ಪ ಜಾಸ್ತಿ ಬೇಕು. ಆರ್ಗಾನ್ 80, ಸಿಒಟು 20ರ ಸಿಲಿಂಡರ್ ಹಾಕಿದ ದಿನ 0 ಹತ್ತಿರಕ್ಕೆ ತನ್ನಿ, ವೋಲ್ಟೇಜನ್ನೂ 1ರಿಂದ 2 ಇಳಿಸಿ. ಈಗಿನ ಗ್ಯಾಸಿಗೆ 18 ವೋಲ್ಟ್ ಸ್ವಲ್ಪ ಬಿಗಿ. 18.5ರಿಂದ 19.5ರ ತನಕ ನೋಡಿ.

ಫೋರ್‌ಮನ್_ಪೀಣ್ಯ:

ಮೇಲಿನವರು ಹೇಳಿದ್ದಕ್ಕೆ ಸೇರಿಸೋದು ಇಷ್ಟೇ: ಇಂಡಕ್ಟೆನ್ಸ್ ನಾಬ್ ಮುಟ್ಟೋದು ಎಲ್ಲಕ್ಕಿಂತ ಕೊನೆಗೆ. ವೋಲ್ಟೇಜೂ ವೈರ್ ಸ್ಪೀಡೂ ಒಂದಕ್ಕೊಂದು ಹೊಂದದೆ ಇರುವಾಗ ಇದನ್ನ ತಿರುಗಿಸಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರುತ್ತೆ, ಆಮೇಲೆ ಯಾವುದು ಎಲ್ಲಿಂದ ಬಂತು ಅಂತ ಬಿಡಿಸೋಕಾಗಲ್ಲ.

ನಾಬ್ 0ಗೆ ತನ್ನಿ. 3 ಎಂಎಂ ಪ್ಲೇಟ್ ತುಂಡು ತಗೊಂಡು ಗ್ರೈಂಡರಲ್ಲಿ ಮೇಲಿನ ಕಪ್ಪು ಸಿಪ್ಪೆ ತೆಗೆದು ಬಿಳಿ ಮಾಡಿ. ವೈರ್ ಸ್ಪೀಡ್ 5 ಮೀಟರಿಗೆ ಕಟ್ಟಿಹಾಕಿ, ವೋಲ್ಟೇಜನ್ನ ಅರ್ಧರ್ಧ ವೋಲ್ಟ್ ಏರಿಸ್ತಾ ಹೋಗಿ. ವೈರ್ ಗುದ್ದೋದು ನಿಂತು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಒಂದೇ ಸಮ ಚಟಚಟ ಶಬ್ದ ಬರೋ ಕಡೆ ನಿಲ್ಲಿಸಿ. ಶಬ್ದ ಬಿಟ್ಟು ಬಿಟ್ಟು ಪಟ್ ಪಟ್ ಅಂದರೆ ವೋಲ್ಟೇಜ್ ಜಾಸ್ತಿ ಆಯ್ತು, ತುದಿಯಲ್ಲಿ ದೊಡ್ಡ ಗೋಲಿ ಕಟ್ಟಿ ಬೀಳ್ತಿದೆ ಅಂತ ಲೆಕ್ಕ. ಇದು ಕೂತ ಮೇಲೆ ಮಾತ್ರ ಇಂಡಕ್ಟೆನ್ಸ್. ಎರಡೆರಡು ಅಂಕ ಏರಿಸ್ತಾ ಒಂದೊಂದು ಬೀಡ್ ಹಾಕಿ, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಅಂಕ ಬರೆಯಿರಿ. ಪ್ರತಿ ಬೀಡಿಗೂ ಮೊದಲು ಪ್ಲೇಟ್ ಕೈ ಮುಟ್ಟುವಷ್ಟು ತಣ್ಣಗಾಗಿರಬೇಕು. ಬಿಸಿ ಪ್ಲೇಟಲ್ಲಿ ಹಾಕಿದ ಬೀಡ್ ಯಾವ ಸೆಟ್ಟಿಂಗಲ್ಲಾದರೂ ಚೆನ್ನಾಗಿ ಹರಡುತ್ತೆ, ನಾಬಿನಿಂದಲೇ ಆಯ್ತು ಅಂತ ಮೋಸ ಹೋಗ್ತೀರಿ. ಸ್ಟಾರ್ಟಿಂಗ್ ಕೆಡೋ ಅಂಕ ಬಂದ ಕೂಡಲೇ ಅಲ್ಲಿಂದ ಎರಡು ಹಿಂದೆ ಬನ್ನಿ. ನಿಮ್ಮ ಜಾಗ ಅದು. ಇಂಡಕ್ಟೆನ್ಸ್ ಏರಿದ ಹಾಗೆ ಶಬ್ದ ದಪ್ಪ ಆಗುತ್ತೆ, ಚಟಚಟ ಕೊಂಚ ನಿಧಾನ ಆಗುತ್ತೆ. ಆಗ ವೋಲ್ಟೇಜ್ ಅರ್ಧ ಏರಿಸಿ, ಇಲ್ಲ ವೈರ್ ಸ್ಪೀಡ್ ಚೂರು ಇಳಿಸಿ.

ಸ್ಟಾರ್ಟಿಂಗ್ ಒಂದೇ ತೊಂದರೆ, ಓಡುವಾಗ ಚೆನ್ನಾಗಿದೆ ಅನ್ನೋದಾದರೆ ಇಂಡಕ್ಟೆನ್ಸ್ ಇಳಿಸೋ ಮೊದಲು ಮೆನುವಿನಲ್ಲಿ ಸಾಫ್ಟ್ ಸ್ಟಾರ್ಟ್ ಅಥವಾ ರನ್-ಇನ್ ಇದೆಯಾ ನೋಡಿ. ಆರ್ಕ್ ಹತ್ತೋ ತನಕ ವೈರನ್ನ ನಿಧಾನ ಕಳಿಸುತ್ತೆ ಅದು. ಹಿಂದಿನ ಬೀಡ್ ಮುಗಿದಾಗ ವೈರಿನ ತುದಿಯಲ್ಲಿ ಉಳಿಯೋ ಗೋಲಿಯನ್ನ ಕಟಿಂಗ್ ಪ್ಲೇಯರಲ್ಲಿ ಓರೆಯಾಗಿ ಕತ್ತರಿಸಿ. ಓರೆ ತುದಿ ತಕ್ಷಣ ಹತ್ತುತ್ತೆ, ಗೋಲಿ ತುದಿ ಹತ್ತಲ್ಲ.

ಇನ್ನೊಂದು ಮುಖ್ಯ ಮಾತು. ಇಂಡಕ್ಟೆನ್ಸಿನ ಮೇಲೆ ಹಾಕೋ ಅರ್ಧಕ್ಕರ್ಧ ದೂರು ಬೇರೆ ಕಡೆಯದು. ಟಿಪ್ಪಿನ (ಟಾರ್ಚ್ ತುದಿಯಲ್ಲಿ ವೈರಿಗೆ ಕರೆಂಟ್ ಕೊಡೋ ತುಂಡು) ತೂತು ಸವೆದು ಮೊಟ್ಟೆಯಾಕಾರ ಆಗಿದ್ದರೆ ಕರೆಂಟ್ ಒಂದೊಂದು ಕ್ಷಣ ಒಂದೊಂದು ಕಡೆ ಹಿಡಿಯುತ್ತೆ, ಆರ್ಕ್ ತಡವರಿಸುತ್ತೆ. ಅರ್ಥ್ ಕ್ಲ್ಯಾಂಪನ್ನ ರೆಡ್ ಆಕ್ಸೈಡ್ ಬಳಿದ ಪೈಪಿನ ಮೇಲೆ ಹಾಕಿದ್ದರೆ +8ರಲ್ಲಿ ಆಗೋ ಗುದ್ದಾಟ ಯಾವ ಸೆಟ್ಟಿಂಗಲ್ಲೂ ಆಗುತ್ತೆ. ಪೇಂಟ್ ಉಜ್ಜಿ ಕ್ಲ್ಯಾಂಪ್ ಹಾಕಿ. ಟಿಪ್ಪಿಂದ ಹೊರಗೆ ವೈರ್ 10 ಎಂಎಂ ಇರಲಿ. 18, 20 ಎಂಎಂ ಬಿಟ್ಟರೆ ಕರೆಂಟ್ ಬೀಳುತ್ತೆ, ಬೀಡ್ ತಣ್ಣಗೆ ಮೇಲೆ ಕೂರುತ್ತೆ. ಸಾಲಿಡ್ ವೈರಿಗೆ ನುಣುಪು ವಿ ಗ್ರೂವ್ ರೋಲರ್. ಹಲ್ಲಿರೋ ರೋಲರ್ ಫ್ಲಕ್ಸ್ ಕೋರ್ಡ್ (ಒಳಗೆ ಪುಡಿ ತುಂಬಿದ) ವೈರಿಗೆ ಮಾತ್ರ, ಇದಕ್ಕೆ ಹಾಕಿದರೆ ತಾಮ್ರದ ಪುಡಿ ಉದುರಿ ಲೈನರ್ (ಟಾರ್ಚ್ ಕೇಬಲ್ ಒಳಗೆ ವೈರ್ ಹೋಗೋ ಕೊಳವೆ) ಕಟ್ಟುತ್ತೆ. ಗ್ಯಾಸ್ ನಿಮಿಷಕ್ಕೆ 10ರಿಂದ 12 ಲೀಟರ್. ಸಿಒಟು ರೆಗ್ಯುಲೇಟರಿನ ಹೀಟರ್ ಆನ್ ಇದೆಯಾ ಕೈ ಇಟ್ಟು ನೋಡಿ. ಹಿಮ ಕಟ್ಟಿದರೆ ಗ್ಯಾಸ್ ಬಿಟ್ಟು ಬಿಟ್ಟು ಬರುತ್ತೆ, ಸ್ಪ್ಯಾಟರೂ ಬೀಡಲ್ಲಿ ಸಣ್ಣ ತೂತೂ ಒಟ್ಟಿಗೆ ಶುರು.

ಗೇಟ್‌ಗ್ರಿಲ್_ತುಮಕೂರು:

ಇಬ್ಬರಿಗೂ ಧನ್ಯವಾದ. ಇನ್ನೆರಡು ಸಂದೇಹ. ಗೇಟ್ ಫ್ರೇಮನ್ನ ಸೈಟಲ್ಲಿ ನಿಲ್ಲಿಸಿ ನಿಂತಿರೋ ಜಾಯಿಂಟ್ ಹಾಕುವಾಗಲೂ ಅದೇ ಅಂಕ ಇಡಬಹುದಾ? 45 ಡಿಗ್ರಿ ಕಟಿಂಗಲ್ಲಿ ಅಲ್ಲಲ್ಲಿ 1.5 ಎಂಎಂ ಗ್ಯಾಪ್ ಬರುತ್ತೆ, ಅದಕ್ಕೇನು ಮಾಡೋದು? 5 ಎಂಎಂ ಆಂಗಲಿಗೂ ಒಂದು ಸೆಟ್ಟಿಂಗ್ ಹೇಳಿ ಅಣ್ಣ.

ವರ್ಟಿಕಲ್‌ಅಪ್:

ನಿಂತಿರೋ ಜಾಯಿಂಟಿಗೆ ಅದೇ ಅಂಕ ಬೇಡ. ಇಂಡಕ್ಟೆನ್ಸ್ ಜಾಸ್ತಿ ಇದ್ದಾಗ ಪೂಲ್ ನೀರಾಗಿರುತ್ತೆ. 2 ಎಂಎಂ ಪೈಪನ್ನ ಮೇಲಿಂದ ಕೆಳಗೆ ಎಳೆಯುವಾಗ ಆ ನೀರು ಆರ್ಕಿಗಿಂತ ಮುಂದೆ ಹರಿದು ಹೋಗುತ್ತೆ. ಆರ್ಕ್ ಆಗ ಪೈಪನ್ನ ಕರಗಿಸೋ ಬದಲು ಹರಿದ ಲೋಹದ ಮೇಲೆ ಉರಿಯುತ್ತೆ. ಮೇಲಿಂದ ನೋಡೋಕೆ ಅಂದವಾದ ಬೀಡ್, ಕೆಳಗೆ ಹಿಡಿದೇ ಇರಲ್ಲ. 0ಯಿಂದ -2ಕ್ಕೆ ಇಳಿಸಿ, ಆರ್ಕನ್ನ ಪೂಲಿನ ಮುಂದಿನ ಅಂಚಲ್ಲೇ ಇಟ್ಟು ಬೇಗ ಎಳೆಯಿರಿ. ಟಾರ್ಚ್ ತುದಿ ಸ್ವಲ್ಪ ಮೇಲ್ಮುಖವಾಗಿದ್ದರೆ ಆರ್ಕಿನ ಬಲವೇ ಪೂಲನ್ನ ಎತ್ತಿ ಹಿಡಿಯುತ್ತೆ.

ಗ್ಯಾಪಿಗೂ ಇದೇ ನ್ಯಾಯ. ಪೂಲ್ ಬೇಗ ಗಟ್ಟಿಯಾಗಬೇಕು, ಆದ್ದರಿಂದ ನಾಬ್ -2, -3ರ ಹತ್ತಿರ, ವೋಲ್ಟೇಜ್ ಅರ್ಧದಿಂದ ಒಂದು ಕಮ್ಮಿ. ಒಂದೇ ಓಟ ಬೇಡ. ಒಂದು ಅಂಚಿಗೆ ಚುಕ್ಕಿ, ಎದುರಿನ ಅಂಚಿಗೆ ಚುಕ್ಕಿ, ಕೆಂಪು ಆರಿದ ಮೇಲೆ ಮುಂದಿನದು. ಸ್ಪ್ಯಾಟರ್ ಸ್ವಲ್ಪ ಬರುತ್ತೆ, ಬರಲಿ. ತೂತು ಬಿದ್ದ ಪೈಪ್ ತುಂಬೋದಕ್ಕಿಂತ ಸ್ಪ್ಯಾಟರ್ ಕೆರೆಯೋದು ಸುಲಭ.

5 ಎಂಎಂ ಆಂಗಲ್ ಮಲಗಿಸಿ ಫಿಲೆಟ್ (ಮೂಲೆ ವೆಲ್ಡ್) ಹಾಕೋದಾದರೆ ವೈರ್ ಸ್ಪೀಡ್ 7ರಿಂದ 8 ಮೀಟರ್, ವೋಲ್ಟೇಜ್ 21 ಆಸುಪಾಸು, ಇಂಡಕ್ಟೆನ್ಸ್ +4. ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಇಂಡಕ್ಟೆನ್ಸ್ ಏರಿಸಿದರೆ ಬೀಡಿನ ಅಂಚು ಚಪ್ಪಟೆಯಾಗಿ ಪ್ಲೇಟಿಗೆ ಅಂಟಿದ ಹಾಗೆ ಕಾಣುತ್ತೆ. ಬೇರು (ಜಾಯಿಂಟಿನ ಒಳ ಮೂಲೆ) ಹಿಡಿದಿದೆ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ. ಪೆನೆಟ್ರೇಷನ್ (ವೆಲ್ಡ್ ಲೋಹದೊಳಕ್ಕೆ ಇಳಿಯೋದು) ಕೊಡೋದು ಕರೆಂಟ್, ಅಂದರೆ ವೈರ್ ಸ್ಪೀಡ್. ಆದ್ದರಿಂದ ತೂಕ ಹೊರೋ ಜಾಯಿಂಟಿನ ಸೆಟ್ಟಿಂಗನ್ನ ಮುರಿದೇ ನೋಡಬೇಕು. 5 ಎಂಎಂ ಫ್ಲಾಟ್ ಎರಡು ತುಂಡನ್ನ ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಕಡೆ ವೆಲ್ಡ್ ಹಾಕಿ, ತಣ್ಣಗಾದ ಮೇಲೆ ವೈಸಲ್ಲಿ ಹಿಡಿದು ವೆಲ್ಡ್ ಇಲ್ಲದ ಕಡೆಯಿಂದ ಸುತ್ತಿಗೆಯಲ್ಲಿ ಹೊಡೆದು ನಿಂತ ತುಂಡನ್ನ ವೆಲ್ಡಿನ ಮೇಲೆ ಮಡಚಿ. ಬೇರು ಬಾಯಿ ಬಿಡುತ್ತೆ. ಒಡೆದ ಜಾಗದಲ್ಲಿ ಪ್ಲೇಟಿನ ಹಳೇ ಮೇಲ್ಮೈ, ಗ್ರೈಂಡರಿನ ಗೆರೆ ಹಾಗೇ ಉಳಿದಿದ್ದರೆ ಅಲ್ಲಿ ಲೋಹ ಕರಗಿಯೇ ಇಲ್ಲ. ಆಗ ನಾಬನ್ನ ಬಿಟ್ಟು ವೈರ್ ಸ್ಪೀಡ್ ಏರಿಸಿ, ಅದಕ್ಕೆ ತಕ್ಕ ವೋಲ್ಟೇಜ್ ಕೊಡಿ. 6 ಎಂಎಂ ದಾಟಿದ ಮೇಲೆ 0.8 ವೈರಿನ ಶಾರ್ಟ್ ಸರ್ಕ್ಯೂಟ್ ಆರ್ಕನ್ನ ನಂಬಬೇಡಿ. 1.2 ವೈರ್ ಹಾಕಿ ಕರೆಂಟ್ ಏರಿಸಿ, ಇಲ್ಲ ಸ್ಟಿಕ್ (ರಾಡ್) ವೆಲ್ಡಿಂಗ್ ಮಾಡಿ.

ಚೋಕ್‌ಕಾಯಿಲ್:

ಮೇಲೆ ಕೊಟ್ಟ ಅಂಕಗಳೆಲ್ಲ ಪ್ಲಸ್ ಕಡೆಗೆ ಇಂಡಕ್ಟೆನ್ಸ್ ಹೆಚ್ಚಾಗೋ ಮೆಷಿನ್‌ಗೆ. ಪ್ರಶ್ನೆ ಕೇಳಿದವರದು ಹಾಗೇ ಇದೆ, +8ರಲ್ಲೇ ಬೀಡ್ ಹರಡ್ತಿದೆ. ಇದನ್ನ ಓದೋ ಬೇರೆಯವರು ತಮ್ಮ ಮೆಷಿನ್ ನೋಡಿಕೊಳ್ಳಿ. ಲಿಂಕನ್ ಮೆಷಿನ್‌ಗಳಲ್ಲಿ ಇದೇ ನಾಬಿಗೆ ಪಿಂಚ್ ಅಂತ ಹೆಸರು, ಅಲ್ಲಿ ಏರಿಸಿದರೆ ಇಂಡಕ್ಟೆನ್ಸ್ ಇಳಿಯುತ್ತೆ. ಕೆಲವು ಅಗ್ಗದ ಇನ್ವರ್ಟರುಗಳಲ್ಲಿ ಆರ್ಕ್ ಫೋರ್ಸ್ ಅಂತ ಬರೆದ ಒಂದೇ ನಾಬ್ ಸ್ಟಿಕ್ಕಲ್ಲಿ ಆರ್ಕ್ ಫೋರ್ಸಿಗೂ ಮಿಗ್‌ನಲ್ಲಿ ಇಂಡಕ್ಟೆನ್ಸಿಗೂ ಕೆಲಸ ಮಾಡುತ್ತೆ. ಯಾವ ತುದಿಯಲ್ಲಿ ಶಬ್ದ ಚೂಪಾಗಿ, ಸ್ಟಾರ್ಟಿಂಗ್ ಚುರುಕಾಗಿ ಇರುತ್ತೋ ಆ ತುದಿ ಇಂಡಕ್ಟೆನ್ಸ್ ಕಮ್ಮಿ ಇರೋ ಕಡೆ.

ಹಳೇ ಟ್ರಾನ್ಸ್‌ಫಾರ್ಮರ್ ಸೆಟ್ಟಲ್ಲಿ ನಾಬ್ ಇರಲ್ಲ. ಒಳಗೆ ಕಬ್ಬಿಣದ ಕೋರಿಗೆ ಸುತ್ತಿದ ಚೋಕ್ ಇರುತ್ತೆ, ಅದರ ಬೇರೆ ಬೇರೆ ಸುತ್ತುಗಳಿಂದ ತೆಗೆದ ಎರಡು ಮೂರು ಸಾಕೆಟ್ ಮುಂಭಾಗದಲ್ಲಿ ಇರುತ್ತೆ. ಅರ್ಥ್ ಕೇಬಲ್ಲನ್ನ ಹೆಚ್ಚು ಸುತ್ತಿನ ಸಾಕೆಟ್ಟಿಗೆ ಹಾಕಿದರೆ ಆರ್ಕ್ ಮೆತ್ತಗೆ, ಕಮ್ಮಿ ಸುತ್ತಿನದಕ್ಕೆ ಹಾಕಿದರೆ ಗಡುಸು. ಕೇಬಲ್ ಬದಲಿಸುವಾಗ ಮೆಷಿನ್ ಆಫ್ ಮಾಡಿ.

ಸೈಟಿಗೆ ಉದ್ದ ಕೇಬಲ್ ಒಯ್ಯೋರಿಗೂ ಒಂದು ಮಾತು. ಉಳಿದ ಕೇಬಲ್ಲನ್ನ ಸುರುಳಿ ಸುತ್ತಿ ಕಬ್ಬಿಣದ ಟೇಬಲ್ ಮೇಲಿಟ್ಟರೆ ಆ ಸುರುಳಿಯೇ ಚೋಕ್ ಆಗುತ್ತೆ. ಶಾಪಲ್ಲಿ ಸರಿಯಿದ್ದ +4 ಸೈಟಲ್ಲಿ ಗುದ್ದೋಕೆ ಶುರು ಮಾಡಿದರೆ ಮೊದಲು ಸುರುಳಿ ಬಿಚ್ಚಿ ಕೇಬಲ್ಲನ್ನ ನೆಲದ ಮೇಲೆ ಉದ್ದಕ್ಕೆ ಹಾಸಿ. ಅರ್ಥ್ ಕೇಬಲ್ಲನ್ನೂ ಟಾರ್ಚ್ ಕೇಬಲ್ಲನ್ನೂ ಪಕ್ಕಪಕ್ಕ ಎಳೆದರೆ ಇನ್ನೂ ಒಳ್ಳೆಯದು.

ಸ್ಟೇನ್‌ಲೆಸ್ ರೇಲಿಂಗ್ ಕೆಲಸ ಬಂದರೆ, ಅದಕ್ಕೆ ಹಾಕೋ 308ಎಲ್ ಸ್ಟೇನ್‌ಲೆಸ್ ವೈರಿನ ಪೂಲ್ ಮೈಲ್ಡ್ ಸ್ಟೀಲಿಗಿಂತ ಮಂದ, ಅಂಚಿಗೆ ಬೇಗ ಹರಡಲ್ಲ. ಅದಕ್ಕೆ ನಾಬ್ +5ರಿಂದ +8ರ ತನಕ ಹೋಗಬಹುದು. ಗ್ಯಾಸ್ ಮಾತ್ರ ಬರೀ ಸಿಒಟು ಬೇಡ, ಬೀಡಿಗೆ ಕಾರ್ಬನ್ ಸೇರಿ ಮುಂದೆ ತುಕ್ಕು ಹಿಡಿಯುತ್ತೆ. ಆರ್ಗಾನ್ 98, ಸಿಒಟು 2ರ ಮಿಕ್ಸ್ ತರಿಸಿ.