ಸಹಾಯ ಬೇಕು: ಹೀಟ್ ಪಂಪ್ ವಾಟರ್ ಹೀಟರ್ ಮತ್ತು ಅಮೆರಿಕದ ತೆರಿಗೆ ಕ್ರೆಡಿಟ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ನಾವು ವಾಸವಿರುವ ಸ್ವಂತ ಮನೆಗೆ 2025ರ ಡಿಸೆಂಬರ್ ಕೊನೆಯ ವಾರ ಹೀಟ್ ಪಂಪ್ ವಾಟರ್ ಹೀಟರ್ (ಸುತ್ತಲ ಗಾಳಿಯ ಶಾಖ ಹೀರಿ ನೀರು ಕಾಯಿಸುವ ವಿದ್ಯುತ್ ಯಂತ್ರ) ಹಾಕಿಸಿದೆವು. ಖರ್ಚಿನ ಶೇ. 30, ಗರಿಷ್ಠ 2,000 ಡಾಲರ್‌ವರೆಗೆ ಸಿಗುವ ಫೆಡರಲ್ ತೆರಿಗೆ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲೇ ಸಿಗುವ ಕಡಿತ) 2025ರ ಡಿಸೆಂಬರ್ 31ರ ನಂತರ ಅಳವಡಿಸಿದವುಗಳಿಗೆ ಇಲ್ಲ. ನಮ್ಮ ಗೊಂದಲ ಈ ಗಡುವಿನದೇ. ಡಿಸೆಂಬರ್‌ನಲ್ಲೇ ನಲ್ಲಿಯಲ್ಲಿ ಬಿಸಿನೀರು ಬಂದಿದೆ, ಆದರೆ ನಗರಾಡಳಿತದ ತಪಾಸಣೆ ಮುಗಿದದ್ದು ಜನವರಿಯಲ್ಲಿ. ಬಿಲ್ಲಿನ ಮೇಲೂ ಜನವರಿಯ ತಾರೀಖೇ ಇದೆ. ಬಳಕೆಗೆ ಬಂದ ದಿನವೆಂದು ಯಾವುದನ್ನು ಹಿಡಿಯಬೇಕು? ಡಿಸೆಂಬರ್‌ನದೇ ಆದರೆ ಯಾವ ದಾಖಲೆ ಇಟ್ಟುಕೊಳ್ಳಬೇಕು? ಗುತ್ತಿಗೆದಾರರಿಂದ ಪತ್ರ ಬರೆಸಿಕೊಂಡರೆ ಸಾಕೇ?

ಇನ್ನೊಂದು ವಿಷಯ. 2025ರ ಅಳವಡಿಕೆಗೆ, ಈ ಕ್ರೆಡಿಟ್ ಪಡೆಯಲು ತುಂಬುವ ಫಾರ್ಮ್ 5695ರಲ್ಲಿ ತಯಾರಕರ ನಾಲ್ಕು ಅಕ್ಷರಗಳ ಗುರುತಿನ ಕೋಡ್ ಬರೆಯಬೇಕು. ಹೀಟರ್ ಮೇಲಿನ ಚೀಟಿಯಲ್ಲಿ ಮಾದರಿ ಮತ್ತು ಸರಣಿ ಸಂಖ್ಯೆ ಮಾತ್ರ ಇವೆ. ಈ ಕೋಡ್ ನಿಮಗೆ ಎಲ್ಲಿ ಸಿಕ್ಕಿತು?

ವಿದ್ಯುತ್ ಕಂಪನಿ ಕೊಟ್ಟ ರಿಬೇಟನ್ನು ಖರ್ಚಿನಿಂದ ಮೊದಲು ಕಳೆದು ಶೇ. 30 ಲೆಕ್ಕ ಹಾಕಿದವರಿದ್ದರೆ, ಅದನ್ನೂ ದಯವಿಟ್ಟು ತಿಳಿಸಿ. ಈ ಕ್ರೆಡಿಟ್‌ನ ಉಳಿಕೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು ಬರುವುದಿಲ್ಲ. ಹಾಗಾಗಿ ಈ ಸಲವೇ ಸರಿಯಾಗಿ ಸಲ್ಲಿಸಬೇಕು. ಸ್ವತಃ ಸಲ್ಲಿಸಿದವರು ಅಥವಾ ತೆರಿಗೆ ಕೆಲಸ ಬಲ್ಲವರು ಉತ್ತರಿಸಿದರೆ ದೊಡ್ಡ ಉಪಕಾರವಾಗುತ್ತದೆ.